ಡ್ರಮ್ಮಿನ ಹೊಗೆಗೂಡು: ಗೂಡಿಗಿಂತ ಉರುವಲೇ ಮುಖ್ಯ

ಮಂಡ್ಯದಲ್ಲಿ ವೆಲ್ಡಿಂಗ್‌ನವರಿಗೆ ಹೇಳಿ 200 ಲೀಟರಿನ ಡ್ರಮ್ಮಿನಿಂದ ಮಾಡಿಸಿದ, ಮೀನಿಗೆ ಹೊಗೆ ಕೊಡುವ ಗೂಡು ಇದು. ಕೆರೆಯ ಕಾಟ್ಲಾ, ಜಿಲೇಬಿ (ತಿಲಾಪಿಯಾ) ಎರಡಕ್ಕೂ ಸಾಕು. ಗೂಡಿನ ಮೇಲೆ ತಕರಾರು ಎರಡು. ಜಾಲರಿಗೆ ಸತುವಿನ ಲೇಪವಿತ್ತು. ಕಾವಿಗೆ ಅದು ಬಿಡುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ಹಾಕಿಸಿ. ಕೆಂಡಕ್ಕೂ ಮೀನಿಗೂ ನಡುವೆ ಕೊಬ್ಬು ಹಿಡಿಯುವ ತಟ್ಟೆಯೂ ಇರಲಿಲ್ಲ. ಕಾಟ್ಲಾದ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಉರಿದರೆ ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಮೀನಿಗೆ ಅಂಟುತ್ತವೆ. ಹೊಗೆಮೀನಿನಲ್ಲಿ ಅದಕ್ಕೆ ಯುರೋಪ್ ಒಕ್ಕೂಟ ಇಟ್ಟಿರುವ ಮಿತಿ ಕಿಲೋಗೆ ಬರೀ 2 ಮೈಕ್ರೋಗ್ರಾಂ.

ಈಗ ಉರುವಲು. ಆಲೆಮನೆಯ ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ) ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ಬೂದಿ ಹಾರಿ ಮೀನಿನ ಮೇಲೆ ಕೂರುತ್ತದೆ. ಬಣ್ಣ ಬೇಗ ಬರುತ್ತದೆ. ಬಣ್ಣ ನೋಡಿ ಇಳಿಸಿದರೆ ಒಳಗೆ ಇನ್ನೂ ಹಸಿ. ತೆಂಗಿನ ಮಟ್ಟೆ, ಅಂದರೆ ಕಾಯಿಯ ನಾರುಸಿಪ್ಪೆ, ಉರಿಯದೆ ಹೊಗೆಯಾಡುತ್ತದೆ. ಅದರಲ್ಲಿ ಗಿಡಮರಗಳಿಗೆ ಗಟ್ಟಿತನ ಕೊಡುವ ಲಿಗ್ನಿನ್ ಹೆಚ್ಚು; ಲಿಗ್ನಿನ್ ಒಡೆದು ಬರುವ ಫೀನಾಲ್‌ಗಳೇ ಹೊಗೆಯ ವಾಸನೆ ಕೊಡುವುದು, ಕೊಬ್ಬು ಕಮಟದಂತೆ ತಡೆಯುವುದೂ ಅವೇ. ಲಕ್ಷದ್ವೀಪದವರು ಮಾಸ್‌ಮೀನಿಗೆ (ಬೇಯಿಸಿ ಒಣಗಿಸಿದ ಟ್ಯೂನಾ) ತೆಂಗಿನ ಸಿಪ್ಪೆಯ ಹೊಗೆ ಕೊಡುವುದು ಸುಮ್ಮನೆ ಅಲ್ಲ. ಒಣಮಟ್ಟೆಗೆ ನೀರು ಚಿಮುಕಿಸಿದರೆ ಸಾಕು. ನೆನೆಸಿ ಹಾಕಿದರೆ ಹಬೆಯೇ ಜಾಸ್ತಿಯಾಗಿ ಮೀನಿನ ಮೈ ಒಣಗುವುದಿಲ್ಲ, ಬೂಷ್ಟು ಬೇಗ ಹಿಡಿಯುತ್ತದೆ.

ಕಾವಿಗೆ ಜಾಲಿ ಕೆಂಡ, ಹೊಗೆಗೆ ಮಟ್ಟೆ: ನಮ್ಮ ಆಯ್ಕೆ ಇದು. ನೀಲಗಿರಿ, ಪೈನ್ ಪೆಟ್ಟಿಗೆಯ ಚೂರು ಬೇಡ, ಮಸಿ, ಕಹಿ. ಪ್ಲೈವುಡ್ ಹೊಟ್ಟಂತೂ ಅಂಟಿನ ವಿಷವನ್ನೇ ಮೀನಿಗೆ ಊಡಿದಂತೆ.

ಮೀನನ್ನು ಬೆನ್ನಿನಿಂದ ಸೀಳಿ, ಲೀಟರ್ ನೀರಿಗೆ 100 ಗ್ರಾಂ ಉಪ್ಪು ಕರಗಿಸಿ ಒಂದು ಗಂಟೆ ಇಡಿ. ಆಮೇಲೆ ಫ್ಯಾನ್ ಕೆಳಗೆ ಮೈ ಹೊಳೆದು ಬೆರಳಿಗೆ ಅಂಟುವವರೆಗೆ ಆರಿಸಿ. ಈ ಹಂತ ಬಿಟ್ಟರೆ ಹೊಗೆ ಪಟ್ಟೆಪಟ್ಟೆಯಾಗಿ ಕೂರುತ್ತದೆ. ಮೊದಲ ಗಂಟೆ ಗೂಡಿನೊಳಗೆ 40 ಡಿಗ್ರಿ ದಾಟಬಾರದು. ಒಮ್ಮೆಲೇ ಕಾವು ಕೊಟ್ಟರೆ ಮೇಲೆ ಗಟ್ಟಿ ಕವಚ ಕಟ್ಟಿ ಒಳಗಿನ ನೀರು ಅಲ್ಲೇ ಉಳಿಯುತ್ತದೆ. ನಂತರ 80ಕ್ಕೆ ಏರಿಸಿ. ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿ, ಒಳಗೆ 63 ಡಿಗ್ರಿ ಅರ್ಧ ಗಂಟೆ ನಿಂತಿದೆಯೇ ನೋಡಿ. ಮುಚ್ಚಳದ ಕಿಂಡಿ ಪೂರ್ತಿ ಮುಚ್ಚಬೇಡಿ: ಹೊಗೆ ತಿಳಿನೀಲಿಯಾಗಿ ಹೊರಬರುತ್ತಿರಬೇಕು, ದಟ್ಟ ಹಳದಿ ಹೊಗೆ ಕಹಿ.

ಪೂರ್ತಿ ಆರಿದ ಮೇಲೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಗಾಳಿ ತೆಗೆದ ಪ್ಯಾಕೆಟ್ಟನ್ನು ಹೊರಗೆ ಇಡಲೇಬೇಡಿ. ಗಾಳಿಯಿಲ್ಲದ ಕಡೆಯೇ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆಯುವುದು, ಅದರ ವಿಷಕ್ಕೆ ವಾಸನೆಯ ಸುಳಿವೂ ಇರುವುದಿಲ್ಲ.