ಟ್ಸೆಲ್ ಆಮ್ ಝೇ: ಆರು ವರ್ಷ, ಹದಿನಾಲ್ಕು ಭೇಟಿ

ಮ್ಯೂನಿಕ್‌ಗೆ ಬಂದು ನೆಲೆಸಿದ ಮೇಲೆ ಆಸ್ಟ್ರಿಯಾದ ಟ್ಸೆಲ್ ಆಮ್ ಝೇ ಊರಿಗೆ ಹದಿನಾಲ್ಕು ಸಲ ಹೋಗಿದ್ದೇನೆ. ಜನವರಿಯ ಹಿಮದಲ್ಲೂ ಜುಲೈನ ಜನಜಂಗುಳಿಯಲ್ಲೂ ಬಿಕೋ ಎನ್ನುವ ನವೆಂಬರಿನಲ್ಲೂ ಅದನ್ನು ನೋಡಿದ್ದೇನೆ. ಊರಿನಿಂದ ಬರುವ ನೆಂಟರು ‘ಯಾವಾಗ ಹೋಗಬೇಕು?’ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಸೆಪ್ಟೆಂಬರ್.

ಆಗ ಸರೋವರದ ನೀರು ಬೇಸಿಗೆಯ ಬಿಸುಪನ್ನು ಇನ್ನೂ ಬಿಟ್ಟುಕೊಟ್ಟಿರುವುದಿಲ್ಲ. ಕೇಬಲ್ ಕಾರ್‌ಗಳು ಓಡುತ್ತಿರುತ್ತವೆ, ಸಾಲು ಮಾತ್ರ ಕರಗಿರುತ್ತದೆ. ಬೇಸಿಗೆಯಿಡೀ ಬೆಟ್ಟದ ಮೇಲೆ ಮೇಯ್ದ ಹಸುಗಳನ್ನು ಕಣಿವೆಗೆ ಇಳಿಸುವುದೂ ಆ ದಿನಗಳಲ್ಲೇ. ಮೇಲೆ ಯಾವ ಅವಘಡವೂ ಆಗದಿದ್ದರೆ ಮಾತ್ರ ಅವುಗಳ ತಲೆಗೆ ಹೂವಿನ ಅಲಂಕಾರ. ಅಲಂಕಾರವಿಲ್ಲದೆ ಗಂಟೆಯ ಸದ್ದಷ್ಟೇ ಹೊತ್ತು ಹೋದ ಒಂದು ಮಂದೆಯನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಜುಲೈನಲ್ಲಿ ಅಪ್ಪ ಅಮ್ಮನನ್ನು ಕರೆದೊಯ್ದಿದ್ದೆ. ಅಮ್ಮನಿಗೆ ಮಂಡಿನೋವು. ಆದರೂ ಪಕ್ಕದ ಕಾಪ್ರೂನ್‌ನಿಂದ ಕೇಬಲ್ ಕಾರ್‌ಗಳನ್ನು ಬದಲಿಸುತ್ತಾ 3,029 ಮೀಟರ್ ಎತ್ತರದ ವೀಕ್ಷಣಾ ತಾಣ ತಲುಪಿ, ಜೀವಮಾನದಲ್ಲಿ ಮೊದಲ ಸಲ ಹಿಮವನ್ನು ಕೈಯಲ್ಲಿ ಹಿಡಿದರು. ಮೇಲೆ ಉಸಿರು ಕಟ್ಟಿದಂತಾಗುತ್ತದೆ. ಹಿರಿಯರನ್ನು ಅವಸರಪಡಿಸಬೇಡಿ, ಬೇಸಿಗೆಯಾದರೂ ಸ್ವೆಟರ್ ಇರಲಿ. ಹಲವು ವಸತಿಗೃಹಗಳು ಅತಿಥಿಗಳಿಗೆ ಬೇಸಿಗೆ ಕಾರ್ಡ್ ಕೊಡುತ್ತವೆ, ಕೇಬಲ್ ಕಾರ್ ಪ್ರಯಾಣ ಅದರಲ್ಲೇ ಸೇರಿರುತ್ತದೆ. ಕೋಣೆ ಕಾದಿರಿಸುವ ಮೊದಲು ಇದನ್ನು ಕೇಳಿಕೊಳ್ಳಿ, ಕುಟುಂಬಕ್ಕೆ ದೊಡ್ಡ ಉಳಿತಾಯ. 1935ರಲ್ಲಿ ತೆರೆದ ಗ್ರೋಸ್‌ಗ್ಲಾಕ್ನರ್ ಪರ್ವತ ರಸ್ತೆಯೂ ಹತ್ತಿರದಲ್ಲೇ ಇದೆ: 48 ಕಿಲೋಮೀಟರ್, 36 ತಿರುವು. ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ.

ಚಳಿಗಾಲ ಸ್ಕೀ ಬಲ್ಲವರದು. 1,965 ಮೀಟರಿನ ಶ್ಮಿಟನ್‌ಹೋಹೆ ಬೆಟ್ಟಕ್ಕೆ 1927ರಿಂದಲೇ ಕೇಬಲ್ ಕಾರ್ ಇದೆ. ಸ್ಕೀ ಬಾರದ ನನ್ನಂಥವರಿಗೆ ಸರೋವರದಂಚಿನ ನಡಿಗೆಯೇ ಸಾಕು. ನೀರು ಹೆಪ್ಪುಗಟ್ಟಿದರೂ ಅಧಿಕೃತವಾಗಿ ಅನುಮತಿ ಘೋಷಿಸುವವರೆಗೆ ಮಂಜುಗಡ್ಡೆಯ ಮೇಲೆ ಕಾಲಿಡಬೇಡಿ. ಅದು ಪ್ರತಿ ವರ್ಷ ಗಟ್ಟಿಯಾಗುವುದೂ ಇಲ್ಲ.

ನವೆಂಬರ್ ಮಧ್ಯದಲ್ಲಿ ಮಾತ್ರ ಮೋಸ ಹೋದೆ. ನಾನು ತಂಗಿದ್ದ ವಸತಿಗೃಹದವರು ಶ್ಮಿಟನ್‌ಹೋಹೆಯ ಕೇಬಲ್ ಕಾರ್ ನಿಂತಿದೆ, ದೋಣಿಗಳಿಲ್ಲ, ಅರ್ಧದಷ್ಟು ಹೋಟೆಲುಗಳು ಬಾಗಿಲು ಹಾಕಿವೆ ಎಂದು ಮೊದಲೇ ತಿಳಿಸಲಿಲ್ಲ, ದರವನ್ನೂ ಇಳಿಸಲಿಲ್ಲ. ಅತಿಥಿಗೆ ಸತ್ಯ ಹೇಳುವುದು ಆತಿಥ್ಯದ ಮೊದಲ ಪಾಠ, ಅದಕ್ಕಾಗಿ ಒಂದು ನಕ್ಷತ್ರ ಕಡಿಮೆ ಕೊಡುತ್ತಿದ್ದೇನೆ. ಏಪ್ರಿಲ್ ಕೊನೆಯಲ್ಲೂ ಹೀಗೆಯೇ, ವಿಚಾರಿಸಿ ಹೊರಡಿ.

ಸಸ್ಯಾಹಾರಿಗಳಿಗೆ ಕಾಸ್‌ನೋಕನ್ ಇದೆ. ಹಿಟ್ಟಿನ ಸಣ್ಣ ಉಂಡೆಗಳಿಗೆ ಚೀಸ್ ಬೆರೆಸಿ, ಮೇಲೆ ಹುರಿದ ಈರುಳ್ಳಿ ಉದುರಿಸಿ, ಬಾಣಲೆಯ ಸಮೇತ ತಂದಿಡುತ್ತಾರೆ. ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಮಾಂಸ ಸೇರಿಸಿಲ್ಲವೇ ಎಂದೂ ಕೇಳಿ.

ನನ್ನನ್ನು ಮತ್ತೆ ಮತ್ತೆ ಎಳೆಯುವುದು ಆ ನೀರು. ಕಳೆದ ಶತಮಾನದಲ್ಲಿ ಕೊಳಚೆ ಸೇರಿ ಪಾಚಿಗಟ್ಟಿದ್ದ ಸರೋವರ ಅದು. ಸುತ್ತಲೂ ಚರಂಡಿ ಕೊಳವೆ ಹಾಕಿ ಕೊಳಚೆ ಒಳಬರದಂತೆ ತಡೆದರು. ಈಗ ಎದುರು ದಡದ ಟೂಮರ್ಸ್‌ಬಾಖ್‌ನಲ್ಲಿ ನಿಂತರೆ ಕಾಲ ಬೆರಳು ಕಾಣುತ್ತದೆ. ಬೆಳ್ಳಂದೂರು ಕೆರೆಯ ನೊರೆ ನೋಡಿ ಬೆಳೆದ ನನ್ನ ಮಗಳು ಅಲ್ಲಿ ನೀರಿಗಿಳಿಯುವ ಮೊದಲು ಕೇಳಿದ್ದಳು: ‘ಅಪ್ಪಾ, ಇದನ್ನು ಮುಟ್ಟಬಹುದಾ?’