ಮನೆಯ ಗೇಟ್‌ವೇಯಾಗಿ ಓಪನ್‌ಡಬ್ಲ್ಯೂಆರ್‌ಟಿ: ಬಳ್ಳಾರಿಯಲ್ಲಿ ಎಂಟು ತಿಂಗಳ ಬಳಕೆ

ಬಳ್ಳಾರಿಯ ನಮ್ಮ ಮನೆಯಲ್ಲಿ ಕೆಳಗೆ ಸಂಸಾರ, ಮಹಡಿಯ ಮೇಲೆ ಆರು ಯಂತ್ರಗಳ ಸಣ್ಣ ಜೀನ್ಸ್ ಹೊಲಿಗೆ ಘಟಕ. ಎರಡಕ್ಕೂ ಇರುವುದು ಒಂದೇ ಫೈಬರ್ ಸಂಪರ್ಕ. ಆರ್ಡರ್ ಬರುವುದು, ಮಾದರಿಯ ಚಿತ್ರಗಳು ಹೋಗುವುದು, ಇ-ವೇ ಬಿಲ್ ತೆಗೆಯುವುದು ಎಲ್ಲವೂ ಅದರ ಮೇಲೆಯೇ ನಿಂತಿವೆ. ಆದ್ದರಿಂದ ಇಂಟರ್ನೆಟ್ ಸೇವೆಯವರು ಕೊಟ್ಟ ಫೈಬರ್ ಪೆಟ್ಟಿಗೆಯ ಹಿಂದೆ ನಮ್ಮದೇ ಒಂದು ಲಿನಕ್ಸ್ ಫೈರ್‌ವಾಲ್ ಇರಲೆಂದು, ಫ್ಯಾನ್ ಇಲ್ಲದ, ನಾಲ್ಕು ಲ್ಯಾನ್ ಪೋರ್ಟ್‌ಗಳಿರುವ ಮಿನಿ ಪಿಸಿಯೊಂದನ್ನು ಕೊಂಡು ಅದರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಹಾಕಿದೆ. ಇದು ರೂಟರ್‌ಗಳಿಗೆಂದೇ ಮಾಡಿದ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್; 2004ರಲ್ಲಿ ಲಿಂಕ್‌ಸಿಸ್ ಕಂಪನಿಯ ಒಂದು ಮನೆಬಳಕೆಯ ರೂಟರ್‌ಗಾಗಿ ಆರಂಭವಾಗಿ, ಈಗ ನೂರಾರು ಬಗೆಯ ಸಾಧನಗಳ ಮೇಲೆ ನಡೆಯುತ್ತದೆ.

ಮೊದಲ ದಿನ ಎಡವಿದ್ದು ವಿಳಾಸದಲ್ಲಿ. ಹೊಸದಾಗಿ ಹಾಕಿದ ಓಪನ್‌ಡಬ್ಲ್ಯೂಆರ್‌ಟಿ ಮನೆಯ ಕಡೆಗೆ 192.168.1.1 ಎಂಬ ವಿಳಾಸವನ್ನು ಇಟ್ಟುಕೊಳ್ಳುತ್ತದೆ. ನಮ್ಮ ಫೈಬರ್ ಪೆಟ್ಟಿಗೆಯ ವಿಳಾಸವೂ ಅದೇ ಆಗಿತ್ತು. ಒಂದೇ ಓಣಿಯಲ್ಲಿ ಎರಡು ಮನೆಗೆ ಒಂದೇ ನಂಬರು ಇದ್ದರೆ ಅಂಚೆಯವನು ಏನು ಮಾಡಬೇಕು? ಯಾವ ವಿಳಾಸಕ್ಕೆ ಯಾವ ದಾರಿ ಎಂದು ಬರೆದಿರುವ ರೂಟಿಂಗ್ ಟೇಬಲ್ ತೆರೆದಾಗ ಒಂದೇ ನೆಟ್‌ವರ್ಕ್ ಒಳಗಿನ ಪೋರ್ಟ್‌ನಲ್ಲೂ ಹೊರಗಿನ ಪೋರ್ಟ್‌ನಲ್ಲೂ ಕಾಣಿಸಿತು. ಮನೆಯ ಕಡೆಯನ್ನು 192.168.20.1ಕ್ಕೆ ಬದಲಿಸಿದ ಮೇಲೆ ಎಲ್ಲವೂ ಸರಿಹೋಯಿತು. ಹೊಸದಾಗಿ ಹಾಕುವವರು ಹೊರಗಿನ ಕೇಬಲ್ ಸಿಕ್ಕಿಸುವ ಮೊದಲೇ ಇದನ್ನು ಬದಲಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ತೊಂದರೆ ಹೆಚ್ಚು ದಿನ ಕಾಡಿತು. ರಸ್ತೆ ಅಗೆದಾಗಲೆಲ್ಲ ಫೈಬರ್ ಕಡಿಯುತ್ತಿದ್ದುದರಿಂದ ಒಂದು 4ಜಿ ಡಾಂಗಲ್ ಸೇರಿಸಿ, ಫೈಬರ್‌ನ ದಾರಿಗೆ ಕಡಿಮೆ ಮೆಟ್ರಿಕ್ (ಈ ಅಂಕಿ ಕಡಿಮೆಯಿದ್ದ ದಾರಿಗೇ ಮೊದಲ ಆದ್ಯತೆ), ಡಾಂಗಲ್‌ನ ದಾರಿಗೆ ಹೆಚ್ಚು ಮೆಟ್ರಿಕ್ ಕೊಟ್ಟೆ. ಮೊದಲನೆಯದು ಹೋದರೆ ಎರಡನೆಯದು ತಾನಾಗಿ ಕೆಲಸಕ್ಕೆ ಬರುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಬೀದಿಯಲ್ಲಿ ಫೈಬರ್ ಕಡಿದರೂ ಮನೆಯೊಳಗಿನ ಫೈಬರ್ ಪೆಟ್ಟಿಗೆ ಉರಿಯುತ್ತಲೇ ಇರುತ್ತದೆ, ಅದಕ್ಕೂ ಗೇಟ್‌ವೇಗೂ, ಅಂದರೆ ನಮ್ಮ ಮಿನಿ ಪಿಸಿಗೂ, ನಡುವಿನ ಕೇಬಲ್ ಜೀವಂತವಾಗಿಯೇ ಇರುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಗೊತ್ತಿರುವುದು ಆ ಕೇಬಲ್ ಮಾತ್ರ, ಅದರಾಚೆಗಿನ ಸ್ಥಿತಿಯಲ್ಲ. ಹೀಗಾಗಿ ಸತ್ತ ದಾರಿಯೇ ಟೇಬಲ್‌ನಲ್ಲಿ ಮೊದಲ ಸ್ಥಾನದಲ್ಲಿ ಉಳಿದಿತ್ತು. ಇದಕ್ಕೆಂದೇ ಇರುವ ಎಮ್‌ವ್ಯಾನ್3 ಎಂಬ ಪ್ಯಾಕೇಜ್ ಪ್ರತಿಯೊಂದು ದಾರಿಯಿಂದಲೂ ಹೊರಗಿನ ವಿಳಾಸಗಳಿಗೆ ಆಗಾಗ ಪಿಂಗ್, ಅಂದರೆ ‘ಇದ್ದೀಯಾ?’ ಎಂದು ಕೇಳುವ ಸಣ್ಣ ಸಂದೇಶ, ಕಳಿಸಿ, ಉತ್ತರ ಬಾರದ ದಾರಿಯನ್ನು ಬದಿಗೆ ಸರಿಸುತ್ತದೆ. ಅದನ್ನು ಹಾಕಿದ ಮೇಲೂ ನಡೆಯುತ್ತಿದ್ದ ಕರೆಗಳು ಮಾತ್ರ ಸ್ತಬ್ಧವಾಗುತ್ತಿದ್ದವು, ಏಕೆಂದರೆ ಆಗಲೇ ಆರಂಭವಾದ ಸಂಪರ್ಕಕ್ಕೆ ಹಳೆಯ ದಾರಿಯ ವಿಳಾಸವೇ ಅಂಟಿಕೊಂಡಿರುತ್ತದೆ. ನಡೆಯುತ್ತಿರುವ ಸಂಪರ್ಕಗಳನ್ನು ಕರ್ನಲ್ ಬರೆದಿಟ್ಟುಕೊಳ್ಳುವ ಕಾನ್‌ಟ್ರ್ಯಾಕ್ ಪಟ್ಟಿಯನ್ನು ಅಳಿಸಿದರೆ, ಇಲ್ಲವೇ ಮತ್ತೆ ಕರೆ ಮಾಡಿದರೆ, ಹೊಸ ದಾರಿ ಹಿಡಿಯುತ್ತದೆ.

ಇಷ್ಟೆಲ್ಲ ಹುಡುಕಾಟದಲ್ಲಿ ನಾನು ನಿಜವಾಗಿ ಮೆಚ್ಚಿಕೊಂಡದ್ದು ಈ ಯಂತ್ರ ತನ್ನೊಳಗಿನದನ್ನು ಮುಚ್ಚಿಡುವುದಿಲ್ಲ ಎಂಬುದನ್ನು. ಸೇವೆಯವರ ಪೆಟ್ಟಿಗೆಯಲ್ಲಿ ಹಸಿರು ದೀಪ, ಕೆಂಪು ದೀಪ ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಇಲ್ಲಿ ‘ಐಪಿ ರೂಟ್ ಗೆಟ್’ ಎಂದು ಬರೆದು ಮುಂದೆ ಒಂದು ವಿಳಾಸ ಕೊಟ್ಟರೆ, ಆ ವಿಳಾಸಕ್ಕೆ ಹೋಗುವ ಪ್ಯಾಕೆಟ್ (ಮಾಹಿತಿಯ ತುಣುಕು) ಯಾವ ಪೋರ್ಟ್‌ನಿಂದ, ಯಾವ ಗೇಟ್‌ವೇ ಮೂಲಕ, ಯಾವ ವಿಳಾಸ ಹೊತ್ತು ಹೊರಡುತ್ತದೆ ಎಂಬುದನ್ನು ಕರ್ನಲ್ ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಅಷ್ಟು ಸಾಲದಿದ್ದರೆ ಎರಡು ಕಿಟಕಿ ತೆರೆದು ಒಂದರಲ್ಲಿ ಒಳಗಿನ ಪೋರ್ಟ್‌ಗೆ, ಇನ್ನೊಂದರಲ್ಲಿ ಹೊರಗಿನ ಪೋರ್ಟ್‌ಗೆ ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಬೇಕು. ಪ್ಯಾಕೆಟ್ ಒಳಗೆ ಬಂದು ಹೊರಗೆ ಹೋಗದಿದ್ದರೆ ತಪ್ಪು ನಮ್ಮದು: ಫಾರ್ವರ್ಡಿಂಗ್ (ಒಂದು ಪೋರ್ಟ್‌ನಿಂದ ಇನ್ನೊಂದಕ್ಕೆ ದಾಟಿಸುವುದು) ಆರಿರಬಹುದು, ಫೈರ್‌ವಾಲ್ ತಡೆದಿರಬಹುದು. ಹೊರಗೆ ಹೋಗುವಾಗಲೂ ಅದರ ಮೇಲೆ ಮನೆಯೊಳಗಿನ ವಿಳಾಸವೇ ಇದ್ದರೆ ಮಾಸ್ಕರೇಡ್, ಅಂದರೆ ಅದರ ಬದಲು ಹೊರಗಿನ ವಿಳಾಸ ಹಚ್ಚುವ ಕೆಲಸ, ನಡೆದಿಲ್ಲ. ಸರಿಯಾದ ವಿಳಾಸದೊಂದಿಗೆ ಹೋಗಿಯೂ ಉತ್ತರ ಬಾರದಿದ್ದರೆ ಹೊರಗೆ ಹುಡುಕಬೇಕು.

ಒಮ್ಮೆ ದುರಸ್ತಿಗೆ ಬಂದ ಹುಡುಗ, “ಸರ್, ನಿಮ್ ಈ ಡಬ್ಬಿದೇ ಏನೋ ಪ್ರಾಬ್ಲಮ್ ಇರ್ಬೇಕ್ ನೋಡ್ರಿ” ಎಂದ. “ತಮ್ಮಾ, ಇಲ್ಲಿ ಬಾ, ಕುಂದ್ರು” ಎಂದು ಕರೆದು ಎರಡೂ ಕಿಟಕಿಗಳನ್ನು ತೋರಿಸಿದೆ. ಹೊರಗೆ ಹೋಗುತ್ತಿದ್ದ ಸಾಲುಗಳನ್ನೂ, ಒಂದೂ ಮರಳಿ ಬಾರದಿದ್ದುದನ್ನೂ ನೋಡಿ ಅವನೇ ತನ್ನ ಕಚೇರಿಗೆ ಫೋನ್ ಮಾಡಿದ; ಆ ಸಂಜೆಯೇ ಅವರ ಕಡೆಯ ತೊಂದರೆ ಸರಿಹೋಯಿತು.

ಆಮೇಲೆ ಅವನಿಂದಲೇ ಫೈಬರ್ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ (ತಾನು ರೂಟರ್ ಆಗದೆ ಸಂಚಾರವನ್ನು ಹಾಗೆಯೇ ದಾಟಿಸುವ ಸ್ಥಿತಿಗೆ) ಹಾಕಿಸಿ, ಸೇವೆಯವರ ಜಾಲಕ್ಕೆ ಸೇರುವ ಪಿಪಿಪಿಒಇ ಲಾಗಿನ್ ಅನ್ನು ಗೇಟ್‌ವೇಗೆ ತಂದೆ. ಆಗ ಕೆಲವು ಪುಟಗಳು ತೆರೆಯಲಾರಂಭಿಸಿ ಅರ್ಧಕ್ಕೇ ನಿಲ್ಲತೊಡಗಿದವು. ಲಿನಕ್ಸ್ ಲ್ಯಾಪ್‌ಟಾಪ್‌ನಿಂದ, ಪ್ಯಾಕೆಟ್ ಒಡೆಯಬಾರದೆಂಬ ಷರತ್ತಿನೊಂದಿಗೆ, 1464 ಬೈಟ್‌ನ ಪಿಂಗ್ ಹೋಯಿತು, 1465 ಹೋಗಲಿಲ್ಲ. ಅದಕ್ಕೆ ಹೆಡರ್‌ಗಳ 28 ಬೈಟ್ ಕೂಡಿಸಿದರೆ 1492. ಪಿಪಿಪಿಒಇ ತನ್ನ 8 ಬೈಟ್ ತೆಗೆದುಕೊಂಡ ಮೇಲೆ ಈಥರ್ನೆಟ್‌ನ 1500 ಬೈಟ್ ಮಿತಿಯಲ್ಲಿ ಉಳಿಯುವುದು ಅಷ್ಟೇ. ಓಪನ್‌ಡಬ್ಲ್ಯೂಆರ್‌ಟಿಯ ಮೂಲ ವ್ಯಾನ್ (ಹೊರಗಿನ ಕಡೆಯ) ವಲಯದಲ್ಲಿ, ಪ್ಯಾಕೆಟ್‌ಗಳು ಈ ಮಿತಿಯೊಳಗೇ ಇರುವಂತೆ ನೋಡಿಕೊಳ್ಳುವ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಇರುತ್ತದೆ. ನಾನು ಹೊಸ ವಲಯ ಮಾಡಿಕೊಂಡು ಆ ಗುರುತನ್ನು ಹಾಕಲು ಮರೆತಿದ್ದೆ. ಸುರಕ್ಷತೆಯ ಹೆಸರಿನಲ್ಲಿ ಐಸಿಎಂಪಿಯನ್ನು (ಪಿಂಗ್ ಮತ್ತು ದೋಷದ ಸುದ್ದಿಗಳ ವಾಹಕ) ಪೂರ್ತಿ ತಡೆಯುವವರೂ ಇದೇ ಗುಂಡಿಗೆ ಬೀಳುತ್ತಾರೆ, ಏಕೆಂದರೆ “ಪ್ಯಾಕೆಟ್ ದೊಡ್ಡದಾಯಿತು” ಎಂಬ ಸುದ್ದಿ ಬರುವುದು ಅದರ ಮೂಲಕವೇ. ಬ್ರಿಡ್ಜ್ ಮಾಡಿದ ಮೇಲೆ ಹೊರಗಿನ ವಿಳಾಸ 100.64ರಿಂದ 100.127ರೊಳಗೆ ಬಂದರೆ ಅದು ಸೇವೆಯವರು ಹಲವು ಗ್ರಾಹಕರನ್ನು ಒಂದೇ ಹೊರವಿಳಾಸದ ಹಿಂದೆ ಇಡುವಾಗ ಕೊಡುವ ಹಂಚಿಕೆಯ ವಿಳಾಸ. ಆಗ ಘಟಕದ ಕ್ಯಾಮೆರಾವನ್ನು ಹೊರಗಿನಿಂದ ನೋಡಲು ಎಷ್ಟು ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆಯನ್ನು ಒಳಗಿನ ಸಾಧನಕ್ಕೆ ಕಳಿಸುವ ನಿಯಮ) ಬರೆದರೂ ಉಪಯೋಗವಿಲ್ಲ.

ಕೊರತೆಗಳೂ ಇವೆ. 2022ರ 22.03 ಆವೃತ್ತಿಯಿಂದ ಫೈರ್‌ವಾಲ್ ಐಪಿಟೇಬಲ್ಸ್ ಎಂಬ ಹಳೆಯ ನಿಯಮ-ವ್ಯವಸ್ಥೆ ಬಿಟ್ಟು ಎನ್‌ಎಫ್‌ಟೇಬಲ್ಸ್‌ಗೆ ಬದಲಾಗಿರುವುದರಿಂದ, ಹುಡುಕಿದಾಗ ಸಿಗುವ ಹಳೆಯ ಸಲಹೆಗಳನ್ನು ನಕಲು ಮಾಡಿದರೆ ತೊಂದರೆ ಹೆಚ್ಚುತ್ತದೆ. ಲೂಸಿ ಎಂಬ ವೆಬ್ ಪುಟದಿಂದ ದಿನನಿತ್ಯದ ಕೆಲಸ ನಡೆಯುತ್ತದೆಯಾದರೂ, ಹುಡುಕಾಟಕ್ಕೆ ಕಮಾಂಡ್ ಸಾಲಿಗೇ ಇಳಿಯಬೇಕು. ಮನೆಯಲ್ಲಿ ಒಬ್ಬರಾದರೂ ಕುಳಿತು ಓದಿ ಕಲಿಯುವವರಿಲ್ಲದಿದ್ದರೆ ಇದನ್ನು ಹಾಕಿಸಿಕೊಳ್ಳಿ ಎಂದು ನಾನು ಹೇಳಲಾರೆ. ಮಿನಿ ಪಿಸಿಯಂತೂ ನಮ್ಮ ಊರಿನ ಮೇ ತಿಂಗಳಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ. ಕಪಾಟಿನಿಂದ ತೆಗೆದು ಗಾಳಿಯಾಡುವ ಗೋಡೆಗೆ ಸಿಕ್ಕಿಸಿದ್ದೇನೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಟ್ಟದ್ದು ಲಾಗ್, ಅಂದರೆ ಯಂತ್ರದ ಘಟನೆಗಳ ದಾಖಲೆ. ಅದನ್ನು ಮೂಲತಃ ಮೆಮೊರಿಯಲ್ಲಷ್ಟೇ ಇಡುವುದರಿಂದ, ಕರೆಂಟ್ ಹೋಗಿ ಚಿಕ್ಕ ಯುಪಿಎಸ್ ಕೂಡ ಬರಿದಾದರೆ ಏನಾಯಿತೆಂಬ ಸಾಕ್ಷಿಯೇ ಅಳಿಸಿಹೋಗುತ್ತದೆ. ಈಗ ಲಾಗ್‌ನ ಪ್ರತಿ ಸಾಲೂ ಮಹಡಿಯ ಹಳೆಯ ಲ್ಯಾಪ್‌ಟಾಪ್‌ಗೆ ಹೋಗುವಂತೆ ಮಾಡಿದ್ದೇನೆ. ಕಳೆದ ವಾರ ಎಲ್ಲವೂ ಆರಿ ಮತ್ತೆ ಹತ್ತಿದ ಮೇಲೆ ಅದನ್ನು ತೆರೆದು ನೋಡಿದರೆ, ಪಿಪಿಪಿಒಇ ಕಡಿದದ್ದು ಗೇಟ್‌ವೇ ಆರುವುದಕ್ಕೆ ಹನ್ನೊಂದು ನಿಮಿಷ ಮುಂಚೆ ಎಂಬುದು ಬರೆದಿತ್ತು.