ಲಯೋಸೆಲ್, ‘ಬಿದಿರು’ ಟವೆಲ್, ಸಾವಯವ ಹತ್ತಿ: ಕೋಲಾರದ ಬೋರ್ ನೀರಲ್ಲಿ ಮೂರು ವರ್ಷ ಒಗೆದ ಮೇಲೆ

ಮೂರು ವರ್ಷ ಬಳಸಿದ ಮೇಲೆ ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕು ಅನ್ನಿಸುವುದು ಎರಡೇ: ಮರದ ತಿರುಳಿನಿಂದ ಮಾಡುವ ಲಯೋಸೆಲ್ ನಾರಿನ ತಿಳಿ ಬಣ್ಣದ ಕುರ್ತಾ ಬಟ್ಟೆ, ಮತ್ತು ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣವಾದ ಜಿಒಟಿಎಸ್ ಗುರುತಿರುವ ಸಾವಯವ ಹತ್ತಿಯ ಬೆಡ್‌ಶೀಟ್. ‘ನೂರಕ್ಕೆ ನೂರು ಬಿದಿರು’ ಎಂದು ಮಾರುವ ಟವೆಲ್ ಬೇಡ. ಬಾಟಲಿ ಪ್ಲಾಸ್ಟಿಕ್ಕಿನಿಂದ ಮಾಡಿದ ಟೀ ಶರ್ಟ್ ಒಂದೇ ಒಂದು ಕೆಲಸಕ್ಕೆ ಸರಿ.

ಈ ಮಾತು ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಹೆಚ್ಚು ಅನ್ವಯ. ಬೆಂಗಳೂರಲ್ಲಿ ಕಾವೇರಿ ನೀರಲ್ಲಿ ಒಗೆಯುವವರ ಅನುಭವ ಬೇರೆಯೇ ಇರುತ್ತದೆ. ಇಲ್ಲಿನದು ಸಾವಿರದ ಇನ್ನೂರು ಅಡಿಯ ಬೋರ್ ನೀರು. ಕಿಟ್ ಹಾಕಿ ನೋಡಿದರೆ ಗಡಸುತನ ಲೀಟರಿಗೆ 600 ಮಿಲಿಗ್ರಾಂ ಆಸುಪಾಸು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್ ಹೇಳುವುದು 200, ಬೇರೆ ಗತಿಯೇ ಇಲ್ಲದಿದ್ದರೆ 600ರವರೆಗೆ. ಅಂದರೆ ಕೊನೇ ಅಂಚಿನ ನೀರು ಇದು. ಟಿಡಿಎಸ್ ಮೀಟರ್ ಅದ್ದಿ ‘ನಮ್ಮ ನೀರು ಪರವಾಗಿಲ್ಲ’ ಅಂದುಕೊಳ್ಳಬೇಡಿ. ಆ ಮೀಟರ್ ಕರಗಿದ ಎಲ್ಲ ಉಪ್ಪನ್ನೂ ಒಟ್ಟಿಗೆ ಅಂದಾಜು ಮಾಡುತ್ತದೆ. ಬಟ್ಟೆ ಕೆಡಿಸುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಕಿಟ್ ಇಲ್ಲದಿದ್ದರೂ ಪರೀಕ್ಷೆ ಸುಲಭ. ಎರಡು ಬಾಟಲಿ ತಗೊಂಡು ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಶುದ್ಧ ನೀರಿನ ಘಟಕದ ಕ್ಯಾನ್ ನೀರು, ಕಾಲು ಭಾಗದಷ್ಟು ಹಾಕಿ. ಮೈ ಸೋಪನ್ನು ಚಾಕುವಿನಿಂದ ಕೆರೆದು ಎರಡಕ್ಕೂ ಒಂದೊಂದು ಚಿಟಿಕೆ ಹಾಕಿ ಜೋರಾಗಿ ಕುಲುಕಿ. ಕ್ಯಾನ್ ನೀರಿನ ನೊರೆ ಬಾಟಲಿಯ ಕತ್ತಿನವರೆಗೆ ಏರುತ್ತದೆ. ಬೋರ್ ನೀರು ಮಬ್ಬಾಗಿ, ಮೇಲೆ ಒಡೆದ ಹಾಲಿನ ಹಾಗೆ ಬಿಳಿ ಗಸಿ ತೇಲುತ್ತದೆ. ಬಟ್ಟೆಯ ನೂಲಿನ ಸಂದಿಗಳಲ್ಲಿ ಕೂರುವುದು ಈ ಗಸಿಯೇ. ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುವುದು, ಟವೆಲ್ ಹಪ್ಪಳದ ಹಾಗೆ ಗಡುಸಾಗುವುದು ಇದರಿಂದ. ಡಿಟರ್ಜೆಂಟ್ ಪುಡಿ ಸೋಪಿನಷ್ಟು ಒಡೆಯುವುದಿಲ್ಲ, ಆದರೆ ಅದರ ಶಕ್ತಿಯ ಒಂದು ಪಾಲು ನೀರಿನ ಜತೆ ಗುದ್ದಾಡುವುದರಲ್ಲೇ ಮುಗಿಯುತ್ತದೆ. ಬಟ್ಟೆ ಸೋಪಿನ ಬಾರ್‌ನಲ್ಲಂತೂ ತೂಕಕ್ಕೆಂದು ಕ್ಯಾಲ್ಸೈಟ್‌ನಂಥ ಖನಿಜದ ಪುಡಿ ಸೇರಿರುತ್ತದೆ. ಗಡಸು ನೀರಿನ ಊರಲ್ಲಿ ಅದನ್ನು ಉಜ್ಜುವುದು ಎಂದರೆ ಸುಣ್ಣದ ಮೇಲೆ ಸುಣ್ಣ.

ಈ ವಿಮರ್ಶೆಯಲ್ಲಿ ಬರುವ ಬಟ್ಟೆಗಳೆಲ್ಲ ಮೊದಲ ಆರು ತಿಂಗಳು ನೇರ ಬೋರ್ ನೀರಲ್ಲಿ, ಆಮೇಲೆ ತಿಳಿಗೊಳಿಸಿದ ನೀರಲ್ಲಿ ಒಗೆದವು. ತಿಳಿಗೊಳಿಸುವ ಕ್ರಮ ಹೀಗೆ: 10 ಲೀಟರ್ ನೀರಿಗೆ ಹರಳು ವಾಷಿಂಗ್ ಸೋಡಾ ಒಂದು ದೊಡ್ಡ ಚಮಚ, ಸುಮಾರು 15 ಗ್ರಾಂ. ಕದಡಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಬಕೆಟ್ ತಳದಲ್ಲಿ ಬಿಳಿ ಹಿಟ್ಟಿನಂತೆ ಕೂತಿರುತ್ತದೆ. ಅದನ್ನು ಕದಡದೆ ಮೇಲಿನ ನೀರನ್ನು ಚೊಂಬಿನಲ್ಲಿ ತೆಗೆದು ಬಳಸಿ. ಬಹಳ ಜನ ಮಾಡುವ ತಪ್ಪೆಂದರೆ ಬಟ್ಟೆ ನೆನೆ ಹಾಕಿದ ಮೇಲೆ ಅದೇ ಬಕೆಟ್ಟಿಗೆ ಸೋಡಾ ಸುರಿಯುವುದು. ಆಗ ತಳದಲ್ಲಿ ಕೂರಬೇಕಾದ ಸುಣ್ಣ ಬಟ್ಟೆಯ ಮೇಲೆಯೇ ಕೂರುತ್ತದೆ. ರೇಷ್ಮೆ, ಉಣ್ಣೆಗೆ ಸೋಡಾ ನೀರು ಯಾವ ಕಾರಣಕ್ಕೂ ತಾಗಿಸಬೇಡಿ, ನಾರು ಸಾಯುತ್ತದೆ.

ಈಗ ಲಯೋಸೆಲ್. ಅಂಗಡಿಗಳಲ್ಲಿ ಟೆನ್ಸೆಲ್ ಎಂಬ ಹೆಸರಲ್ಲೇ ಹೆಚ್ಚು ಕೇಳಿಬರುತ್ತದೆ. ಅದು ಆಸ್ಟ್ರಿಯಾದ ಲೆನ್ಜಿಂಗ್ ಕಂಪನಿಯ ಹೆಸರು. ನಮ್ಮ ದೇಶದ ಬಿರ್ಲಾದವರು ಎಕ್ಸೆಲ್ ಹೆಸರಲ್ಲಿ ಇದೇ ಜಾತಿಯ ನಾರು ತಯಾರಿಸುತ್ತಾರೆ. ಮರದ ತಿರುಳನ್ನು ಎನ್‌ಎಂಎಂಒ ಎಂಬ ದ್ರಾವಕದಲ್ಲಿ ಕರಗಿಸಿ, ಸಣ್ಣ ತೂತುಗಳಿಂದ ನೀರಿಗೆ ಒತ್ತಿ ಎಳೆ ತೆಗೆಯುತ್ತಾರೆ. ದ್ರಾವಕದ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚನ್ನು ಹಿಂಪಡೆದು ಮತ್ತೆ ಬಳಸುತ್ತಾರೆ. ಇಂಥದೇ ತಿರುಳಿನಿಂದ ರೇಯಾನ್ ಮಾಡುವ ಹಳೆಯ ವಿಸ್ಕೋಸ್ ವಿಧಾನದಲ್ಲಿ ಬೇಕಾಗುವ ಕಾರ್ಬನ್ ಡೈಸಲ್ಫೈಡ್ ಇದಕ್ಕೆ ಬೇಡ. ಕೆಲಸಗಾರರ ನರಗಳನ್ನೇ ಹಾಳು ಮಾಡಬಲ್ಲ ರಾಸಾಯನಿಕ ಅದು. ವಿಸ್ಕೋಸ್ ಬಿಟ್ಟು ಲಯೋಸೆಲ್‌ಗೆ ಹೋಗಲು ಇದೊಂದೇ ಕಾರಣ ಸಾಕು.

ಆದರೆ ‘ಮರದಿಂದ ಬಂದದ್ದು, ಹಾಗಾಗಿ ಹಸಿರು’ ಎಂಬ ಮಾತನ್ನು ನಮ್ಮ ಸೀಮೆಯವರು ಹಾಗೇ ನುಂಗಲು ಆಗುವುದಿಲ್ಲ. ಈ ತಿರುಳಿಗೆ ಹೆಚ್ಚು ಬಳಕೆಯಾಗುವ ಮರಗಳಲ್ಲಿ ನೀಲಗಿರಿಯೂ ಒಂದು. ಕೋಲಾರದ ಬಯಲಲ್ಲಿ ನೀಲಗಿರಿ ತೋಪು ಎಷ್ಟಿತ್ತು, ಅದರ ಸುತ್ತ ಏನು ಬೆಳೆಯುತ್ತಿತ್ತು, ಬೋರ್ ಎಷ್ಟು ಕೆಳಗೆ ಹೋಯಿತು ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಯ ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದ್ದರು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದ್ದರಿಂದ ಲಯೋಸೆಲ್ ಕೊಳ್ಳುವಾಗ ಮರ ಎಲ್ಲಿಯದು ಎಂದು ಕೇಳುವ ಹಕ್ಕು ಕೋಲಾರದವರಿಗೆ ಉಳಿದವರಿಗಿಂತ ಒಂದು ತೂಕ ಹೆಚ್ಚೇ ಇದೆ. ಟ್ಯಾಗ್ ಮೇಲೆ ಎಫ್‌ಎಸ್‌ಸಿ ಅಥವಾ ಪಿಇಎಫ್‌ಸಿ ಗುರುತು ಇದ್ದರೆ ಅರಣ್ಯದ ಮೂಲಕ್ಕೆ ಒಂದು ಪರಿಶೀಲನೆ ಆಗಿದೆ ಎಂದರ್ಥ. ಬರೀ ಎಲೆಯ ಚಿತ್ರ, ಹಸಿರು ಅಕ್ಷರ ಇದ್ದರೆ ಏನೂ ಅರ್ಥವಿಲ್ಲ.

ಬಳಕೆಗೆ ಬರೋಣ. ತಿಳಿ ಬೂದು ಬಣ್ಣದ ಎರಡು ಕುರ್ತಾ ಮೂರನೇ ವರ್ಷವೂ ಚೆನ್ನಾಗಿವೆ. ಮೈಗೆ ತಂಪು, ಬೇಸಿಗೆಯಲ್ಲಿ ಬೆನ್ನಿಗೆ ಅಂಟುವುದಿಲ್ಲ, ಇಳಿಬೀಳುವ ಸೊಗಸು ರೇಷ್ಮೆಯನ್ನು ನೆನಪಿಸುತ್ತದೆ. ಕಡು ನೀಲಿಯ ಎರಡು ಮಾತ್ರ ಎಂಟನೇ ತಿಂಗಳಿಗೇ ಮುಖ ಕೆಡಿಸಿಕೊಂಡವು. ಕಾಲರ್ ಮಡಿಕೆ, ತೋಳಿನ ಅಂಚು, ಜೇಬಿನ ಬಾಯಿ, ಈ ಮೂರು ಕಡೆ ಬಿಳಿ ಧೂಳು ಕೂತ ಹಾಗೆ ಮಬ್ಬು. ಬಣ್ಣ ಹೋಯಿತು ಎಂದು ಮೊದಲು ಅನ್ನಿಸುತ್ತದೆ. ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಿದರೆ ಬಣ್ಣ ಅಲ್ಲೇ ಇದೆ. ನಾರು ಸೀಳಿ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕೂದಲು ಎದ್ದಿದೆ, ಆ ಕೂದಲ ಮೇಲೆ ಬೆಳಕು ಚದುರಿ ಬಿಳಿಯಾಗಿ ಕಾಣುತ್ತದೆ. ಲಯೋಸೆಲ್ ಎಳೆ ಉದ್ದಕ್ಕೂ ಅತಿ ಸಣ್ಣ ಎಳೆಗಳ ಕಂತೆ. ಒದ್ದೆಯಾದಾಗ ಉಬ್ಬುತ್ತದೆ, ಆಗ ಉಜ್ಜಿದರೆ ಕಂತೆ ಬಿಚ್ಚುತ್ತದೆ. ಕಲ್ಲಿಗೆ ಬಡಿಯುವುದು, ಕಾಲರ್‌ಗೆ ಬ್ರಷ್ ಹಾಕುವುದು, ಜೀನ್ಸ್ ಪ್ಯಾಂಟಿನ ಜತೆ ಮೆಷಿನ್‌ಗೆ ಹಾಕುವುದು, ಮೂರೂ ಇದಕ್ಕೆ ಶತ್ರು. ನೂಲಿನ ಮೇಲೆ ಕೂತ ಸುಣ್ಣದ ಹರಳು ಮರಳು ಕಾಗದದ ಹಾಗೆ ಉಜ್ಜಿ ಇನ್ನಷ್ಟು ಕೆಡಿಸುತ್ತದೆ. ಇದನ್ನು ತಡೆಯಲೆಂದೇ ಟೆನ್ಸೆಲ್‌ನಲ್ಲಿ ಎ100, ಎಲ್‌ಎಫ್ ಎಂಬ ಬಗೆಗಳಿವೆ. ಕಡು ಬಣ್ಣವೇ ಬೇಕು ಎನ್ನುವವರು ಆ ಬಗೆಯದನ್ನು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ತಿಳಿ ಬಣ್ಣ ಕೊಳ್ಳುವುದೇ ಮೇಲು.

ಒಗೆಯುವ ಕ್ರಮ: ಒಳಮಗ್ಗುಲು ಹೊರಗೆ ತಿರುಗಿಸಿ, ನೆಟ್ ಚೀಲದಲ್ಲಿ ಹಾಕಿ, ತಣ್ಣೀರು, ಲಿಕ್ವಿಡ್ ಡಿಟರ್ಜೆಂಟ್, ಸ್ಪಿನ್ ನಿಮಿಷಕ್ಕೆ 600 ಸುತ್ತು ದಾಟಬಾರದು, ಮೆಷಿನ್ ಅರ್ಧ ಮಾತ್ರ ತುಂಬಿರಬೇಕು. ಕೊನೆಯ ಬಾರಿ ಜಾಲಿಸುವ 10 ಲೀಟರ್ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಒಂದು ಸಣ್ಣ ಚಮಚ, 5 ಗ್ರಾಂ. ಉಳಿದ ಸುಣ್ಣ ಸಡಿಲವಾಗಿ ಬಟ್ಟೆ ಮೆದುವಾಗಿ ಒಣಗುತ್ತದೆ. ಬ್ಲೀಚ್ ಹಾಕಿದ ದಿನ ಮಾತ್ರ ನಿಂಬೆ ಉಪ್ಪಿನ ಸಹವಾಸ ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಟೈಲರ್‌ಗೆ ಕೊಡುವ ಮುನ್ನ ಒಮ್ಮೆ ನೆನೆಸಿ, ನೆರಳಲ್ಲಿ ಒಣಗಿಸಿ, ಅರೆ ಒದ್ದೆ ಇರುವಾಗ ಇಸ್ತ್ರಿ ಮಾಡಿ ಕೊಡಿ. ಎರಡೂವರೆ ಮೀಟರ್ ಬೇಕಾದ ಕಡೆ ಹತ್ತು ಸೆಂಟಿಮೀಟರ್ ಹೆಚ್ಚು ಕೊಳ್ಳಿ. ತೆಳು ಬಟ್ಟೆಗೆ 11 ನಂಬರ್ ಸೂಜಿ ಸಾಕು. ದಪ್ಪ ಸೂಜಿ ಹಾಕಿದರೆ ಹೊಲಿಗೆಯ ಸಾಲಿನಲ್ಲಿ ತೂತು ಉಳಿಯುತ್ತದೆ. ಬಟ್ಟೆ ಜಾರುವುದರಿಂದ ಕತ್ತರಿಸುವಾಗ ಅಂಚಿಗೆ ಭಾರ ಇಡದಿದ್ದರೆ ಎಡ ಬಲ ಒಂದೇ ಅಳತೆ ಬರುವುದಿಲ್ಲ.

‘ಬಿದಿರು’ ಟವೆಲ್ ಬಗ್ಗೆ ಬೇಸರವಿದೆ. ಡಬ್ಬದ ಮೇಲೆ ದೊಡ್ಡದಾಗಿ ಬಿದಿರು, ಕೆಳಗೆ ‘ಸಹಜವಾಗಿ ಬ್ಯಾಕ್ಟೀರಿಯಾ ನಿರೋಧಕ’. ಟವೆಲ್ಲಿನ ಅಂಚಿಗೆ ಹೊಲಿದ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ವಿಸ್ಕೋಸ್. ಬಿದಿರಿನ ಹೆಸರಲ್ಲಿ ಸಿಗುವ ಮೆದು ಬಟ್ಟೆ ಬಹುಪಾಲು ಇದೇ. ಬಿದಿರನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿದ ಮೇಲೆ ಉಳಿಯುವುದು ಬರೀ ಸೆಲ್ಯುಲೋಸ್. ಅದರಲ್ಲಿ ಬಿದಿರಿನ ಗುಣ ಹುಡುಕಿದರೆ ಸಿಗುವುದಿಲ್ಲ. ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ 2009ರಲ್ಲೇ ಇಂಥ ಜಾಹೀರಾತು ನೀಡಿದ ಮಾರಾಟಗಾರರ ಮೇಲೆ ಕ್ರಮ ಕೈಗೊಂಡು, ‘ಬಿದಿರಿನಿಂದ ಮಾಡಿದ ರೇಯಾನ್’ ಎಂದೇ ಬರೆಯಬೇಕು ಎಂದಿತ್ತು. ಹದಿನೈದು ವರ್ಷ ಕಳೆದರೂ ನಮ್ಮಲ್ಲಿ ಅದೇ ಡಬ್ಬ ಬರುತ್ತಿದೆ.

ಮೊದಲ ತಿಂಗಳು ಅದು ನಿಜಕ್ಕೂ ಹಿತವಾಗಿತ್ತು, ಅದನ್ನು ಒಪ್ಪಬೇಕು. ಆದರೆ ವಿಸ್ಕೋಸ್ ಒದ್ದೆಯಾದರೆ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಲಯೋಸೆಲ್ ಬಲದ ಬಹುಪಾಲನ್ನು ಉಳಿಸಿಕೊಳ್ಳುತ್ತದೆ. ಹತ್ತಿಗೆ ಒದ್ದೆಯಲ್ಲೇ ಬಲ ಜಾಸ್ತಿ. ಟವೆಲ್ ಎಂದರೆ ದಿನವೂ ಒದ್ದೆಯಾಗಿ, ಹಿಂಡಿಸಿಕೊಳ್ಳುವ ಬಟ್ಟೆ. ಒದ್ದೆಯಲ್ಲಿ ಸೋಲುವ ನಾರನ್ನು ಟವೆಲ್ ಮಾಡುವುದರಲ್ಲಿ ಏನು ನ್ಯಾಯ? ಒಂದೂವರೆ ವರ್ಷಕ್ಕೆ ಮೂರು ಟವೆಲ್‌ನಲ್ಲೂ ಕುಣಿಕೆ ಎಳೆಗಳು ಕಿತ್ತು ನಡುವೆ ಬೋಳಾಯಿತು. 550 ಜಿಎಸ್‌ಎಂ (ಚದರ ಮೀಟರಿಗೆ 550 ಗ್ರಾಂ) ದಪ್ಪ ಬೇರೆ, ಮಳೆಗಾಲದಲ್ಲಿ ಒಂದು ದಿನಕ್ಕೆ ಒಣಗುವುದಿಲ್ಲ, ಮುಗ್ಗಲು ವಾಸನೆ. ಅದೇ ಹಗ್ಗದ ಮೇಲೆ ಒಣ ಹಾಕಿದ ತೆಳು ಕೈಮಗ್ಗದ ಹತ್ತಿ ಟವೆಲ್ ಮಧ್ಯಾಹ್ನದ ಹೊತ್ತಿಗೆ ಗರಿಗರಿ. ಗಡಸು ನೀರಿನ ಊರಿಗೆ ದಪ್ಪ ಕುಣಿಕೆಯ ಟವೆಲ್ ಯಾವ ನಾರಿನದೇ ಆಗಲಿ ಹೊಂದುವುದಿಲ್ಲ.

ಈಗಾಗಲೇ ಗಡುಸಾದ ಹತ್ತಿ ಟವೆಲ್ ಇದ್ದರೆ ಎಸೆಯಬೇಡಿ. 10 ಲೀಟರ್ ಬಿಸಿ ನೀರಿಗೆ ನಿಂಬೆ ಉಪ್ಪು ಎರಡು ದೊಡ್ಡ ಚಮಚ ಹಾಕಿ ಅರ್ಧ ಗಂಟೆ ನೆನೆಸಿ, ಜಾಲಿಸಿ, ಆಮೇಲೆ ತಿಳಿಗೊಳಿಸಿದ ನೀರಲ್ಲಿ ಮಾಮೂಲಿ ಪುಡಿ ಅರ್ಧ ಪ್ರಮಾಣದಲ್ಲಿ ಹಾಕಿ ಒಗೆಯಿರಿ. ಮೆದು ಮಾಡುವ ಸುವಾಸನೆಯ ದ್ರವ ಬೇಡ. ಅದು ಎಳೆಗೆ ಜಿಡ್ಡು ಹಚ್ಚಿ ನೀರು ಹೀರದ ಹಾಗೆ ಮಾಡುತ್ತದೆ.

ಸಾವಯವ ಹತ್ತಿಯ ಬೆಡ್‌ಶೀಟ್ ಬಗ್ಗೆ ದೂರು ಕಡಿಮೆ. ಮೊದಲ ಒಗೆತಕ್ಕೆ ನೂರಕ್ಕೆ ಐದರಷ್ಟು ಕುಗ್ಗಿತು. ನೂರು ಇಂಚಿನ ಉದ್ದಕ್ಕೆ ಐದು ಇಂಚು, ಅಂದರೆ ಹಾಸಿಗೆಯ ಕೆಳಗೆ ಸಿಕ್ಕಿಸುವ ಅಂಚೇ ಹೋಯಿತು. ಒಂದು ಅಳತೆ ದೊಡ್ಡದು ಕೊಳ್ಳಿ. ಆಮೇಲೆ ಮೂರು ವರ್ಷ ಏನೂ ಆಗಿಲ್ಲ. ಗುರುತಿನ ವಿಷಯದಲ್ಲಿ ಎಚ್ಚರ ಬೇಕು. ಜಿಒಟಿಎಸ್ ಚೀಟಿಯಲ್ಲಿ ‘ಆರ್ಗಾನಿಕ್’ ಎಂದಿದ್ದರೆ ನೂರಕ್ಕೆ ಕನಿಷ್ಠ 95 ಸಾವಯವ ನಾರು, ‘ಮೇಡ್ ವಿತ್ ಆರ್ಗಾನಿಕ್’ ಎಂದಿದ್ದರೆ ಕನಿಷ್ಠ 70. ಜತೆಗೆ ಪ್ರಮಾಣ ಕೊಟ್ಟ ಸಂಸ್ಥೆಯ ಹೆಸರು, ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು ಜಿಒಟಿಎಸ್ ಜಾಲತಾಣದಲ್ಲಿ ಹಾಕಿ ನೋಡಬಹುದು. ಇದು ಹೊಲಕ್ಕೆ ಮಾತ್ರವಲ್ಲ, ಬಣ್ಣ ಹಾಕುವ ಕಾರ್ಖಾನೆಗೂ ಅನ್ವಯಿಸುವ ಗುರುತು. ‘ಬೆಟರ್ ಕಾಟನ್’ ಬೇರೆ ವ್ಯವಸ್ಥೆ, ಸಾವಯವ ಅಲ್ಲ. ಎರಡನ್ನೂ ಒಂದೇ ಎಂಬಂತೆ ಹೇಳುವ ಮಾರಾಟಗಾರರಿದ್ದಾರೆ.

ಬಾಟಲಿ ಪಾಲಿಯೆಸ್ಟರ್ ಟೀ ಶರ್ಟ್ ಬೆಳಗಿನ ಓಟಕ್ಕೆ, ಆಟಕ್ಕೆ ಸರಿ. ಎರಡು ಗಂಟೆಯಲ್ಲಿ ಒಣಗುತ್ತದೆ, ಗಡಸು ನೀರಿಗೂ ಜಗ್ಗುವುದಿಲ್ಲ. ಆದರೆ ಬೆವರಿನ ವಾಸನೆ ಹಿಡಿದರೆ ಬಿಡುವುದಿಲ್ಲ, ಒಗೆದಾಗಲೆಲ್ಲ ಪ್ಲಾಸ್ಟಿಕ್ ಎಳೆಯ ಚೂರುಗಳು ನೀರಿನ ಜತೆ ಹೋಗುತ್ತವೆ. ಬಾಟಲಿ ಮತ್ತೆ ಬಾಟಲಿಯಾಗಬಹುದಿತ್ತು, ಶರ್ಟಾದ ಮೇಲೆ ಅದರ ದಾರಿ ಹೆಚ್ಚುಕಡಿಮೆ ಮುಗಿಯಿತು. ದಿನಬಳಕೆಗೆ ಬೇಡ.

ಚೀಟಿ ಇಲ್ಲದ ಬಟ್ಟೆ ಯಾವುದೆಂದು ತಿಳಿಯಲು ಒಳ ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಡಿ. ಹತ್ತಿ, ಲಯೋಸೆಲ್, ವಿಸ್ಕೋಸ್ ಮೂರೂ ಕಾಗದ ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಕಪ್ಪು ಗಟ್ಟಿ ಮಣಿ ಆಗುತ್ತದೆ. ಶಿಡ್ಲಘಟ್ಟದ ರೇಷ್ಮೆಯಾದರೆ ಕೂದಲು ಸುಟ್ಟ ನಾತ. ‘ಪೂರ್ತಿ ಹತ್ತಿ’ ಎಂದು ಕೊಟ್ಟ ಬಟ್ಟೆಯ ಹಾಸು ಮತ್ತು ಹೊಕ್ಕು ಎರಡನ್ನೂ ಬೇರೆ ಬೇರೆ ಸುಟ್ಟು ನೋಡಿ. ಬೆರಕೆ ಇರುವುದು ಒಂದರಲ್ಲಿ ಮಾತ್ರ ಇರಬಹುದು.

ಕೊನೆಯದಾಗಿ, ಕೆಟ್ಟುಹೋದ ಕಡು ನೀಲಿ ಕುರ್ತಾದ ಒಂದು ತೋಳನ್ನು ಗೊಬ್ಬರದ ಗುಂಡಿಯಲ್ಲಿ ಹೂತು ನೋಡಿದ್ದಾಯಿತು. ಆರು ತಿಂಗಳ ಮೇಲೆ ತೆಗೆದರೆ ಬಟ್ಟೆ ಪೂರ್ತಿ ಮಣ್ಣಾಗಿತ್ತು, ತೋಳಿನ ಆಕಾರಕ್ಕೆ ಹೊಲಿಗೆ ದಾರವೊಂದೇ ಗಟ್ಟಿಯಾಗಿ ಉಳಿದಿತ್ತು. ಅದು ಪಾಲಿಯೆಸ್ಟರ್ ದಾರ. ಮುಂದಿನ ಕುರ್ತಾಗಳಿಗೆ ಟೈಲರ್ ಹತ್ತಿರ ಹತ್ತಿ ದಾರದಲ್ಲೇ ಹೊಲಿಯಲು ಹೇಳಿದೆ. ಹತ್ತಿ ದಾರಕ್ಕೆ ಬಲ ಕಡಿಮೆ, ಆದ್ದರಿಂದ ಕಂಕುಳು ಮತ್ತು ಪಕ್ಕದ ಸೀಳಿನ ಕಡೆ ಎರಡು ಸಾಲು ಹಾಕಿಸಬೇಕು.